ಸರಕು ಮತ್ತು ಸೇವಾ ತೆರಿಗೆ (ಕೋಲಾರದ ಗಡಿ ಸೀಮೆಯಲ್ಲಿ)

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರವನ್ನು ಹಾದುಹೋಗುವ ಬೆಂಗಳೂರು–ಚೆನ್ನೈ ಹೆದ್ದಾರಿ ಆಂಧ್ರದ ಗಡಿ ಮುಟ್ಟುವ ಮುನ್ನ ನಂಗಲಿಯನ್ನು ದಾಟುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಜಾರಿಗೆ ಬರುವವರೆಗೆ ಇಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ಚೆಕ್‌ಪೋಸ್ಟ್ ಇತ್ತು. ಏಕರೂಪದ ತೆರಿಗೆ ದೇಶದ ಆರ್ಥಿಕತೆಯಲ್ಲಿ ಏನನ್ನು ಬದಲಿಸಿತು, ಏನನ್ನು ಬದಲಿಸಲಿಲ್ಲ ಎಂಬುದು ಈ ದಾರಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸುಂಕ ಈ ಸೀಮೆಗೆ ಹೊಸದಲ್ಲ; ಜಿಲ್ಲೆಯ ಹಳೆಯ ಶಾಸನಗಳಲ್ಲೂ ಅದರ ಮಾತು ಬರುತ್ತದೆ. ಆಧುನಿಕ ಮಾರಾಟ ತೆರಿಗೆ ಮೈಸೂರು ಸಂಸ್ಥಾನದಲ್ಲಿ 1948ರ ಕಾಯ್ದೆಯಿಂದ ಬಂತು. ರಾಜ್ಯ ಏಕೀಕರಣದ ನಂತರ 1957ರಲ್ಲಿ ಹೊಸ ಕಾಯ್ದೆಯಾಯಿತು. 1979ರಲ್ಲಿ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ಹೋಗಿ ಪ್ರವೇಶ ತೆರಿಗೆ ಬಂತು. 2005ರ ಏಪ್ರಿಲ್ 1ರಿಂದ ವ್ಯಾಟ್ (ಮೌಲ್ಯವರ್ಧಿತ ತೆರಿಗೆ). ಆದರೆ ಕಾರ್ಖಾನೆಯ ಬಾಗಿಲಲ್ಲಿ ಕೇಂದ್ರದ ಅಬಕಾರಿ ಸುಂಕ ಬಿದ್ದು, ಅದೂ ಸೇರಿದ ಬೆಲೆಯ ಮೇಲೆ ರಾಜ್ಯದ ವ್ಯಾಟ್ ಬೀಳುತ್ತಿತ್ತು. ಗಡಿ ದಾಟುವ ಸರಕಿಗೆ ಕೇಂದ್ರ ಮಾರಾಟ ತೆರಿಗೆ ಬೇರೆ. 2008ರಿಂದ ಅದು ಶೇ 2. ಸರಕು ಕೊಂಡವನು ಈ ತೆರಿಗೆಯನ್ನು ಮುಂದಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಹಾಗಿರಲಿಲ್ಲ.

ಸಂವಿಧಾನದ 101ನೇ ತಿದ್ದುಪಡಿ (2016) ಇವುಗಳಲ್ಲಿ ಬಹುಪಾಲನ್ನು ಜಿಎಸ್‌ಟಿಯಾಗಿ ಒಂದು ಮಾಡಲು ದಾರಿ ತೆರೆಯಿತು. ಫ್ರಾನ್ಸ್ 1954ರಲ್ಲೇ ಆರಂಭಿಸಿದ ಮೌಲ್ಯವರ್ಧಿತ ತೆರಿಗೆಯ ತತ್ವವೇ ಇದಕ್ಕೂ ಮೂಲ: ಪ್ರತಿ ಹಂತದಲ್ಲಿ ಕಟ್ಟಿದ್ದನ್ನು ಮುಂದಿನ ಹಂತದಲ್ಲಿ ವಜಾ ಮಾಡಿಕೊಂಡು, ಕೊನೆಯ ಬಳಕೆದಾರ ಪೂರ್ತಿ ಭಾರ ಹೊರುವುದು. ಕರ್ನಾಟಕದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಮುಚ್ಚಿದವು. ಅವುಗಳ ಜಾಗಕ್ಕೆ ಬಂದ, ಸರಕು ಸಾಗಣೆಗೆ ಆನ್‌ಲೈನ್‌ನಲ್ಲಿ ಪಡೆಯುವ ಇ-ವೇ ಬಿಲ್‌ಗೆ ಕರ್ನಾಟಕದ ಇ-ಸುಗಮ್ ವ್ಯವಸ್ಥೆ ಮಾದರಿಯಾಯಿತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಲಾರಿ ಕಾಯುವ ಹೊತ್ತು ಉಳಿದದ್ದೇ ಈ ಸುಧಾರಣೆಯ ನಿಸ್ಸಂದೇಹ ಲಾಭ.

ರೈತನ ಲೆಕ್ಕ ಅಷ್ಟು ಸರಳವಲ್ಲ. ಕೋಲಾರದ ಟೊಮ್ಯಾಟೊಗೆ, ರೇಷ್ಮೆಗೂಡಿಗೆ ತೆರಿಗೆ ಇಲ್ಲ. ಆದರೆ ಬೆಳೆಗಾರ ನೋಂದಾಯಿತ ವ್ಯಾಪಾರಿಯಲ್ಲ. ಗೊಬ್ಬರ, ಕೀಟನಾಶಕ, ಹನಿ ನೀರಾವರಿ ಪೈಪುಗಳಿಗೆ ಕೊಟ್ಟ ತೆರಿಗೆಯನ್ನು ಅವನು ಎಲ್ಲಿಯೂ ವಜಾ ಮಾಡಿಕೊಳ್ಳಲಾರ. ಹೀಗಾಗಿ 'ತೆರಿಗೆ ಇಲ್ಲದ' ಟೊಮ್ಯಾಟೊದ ಖರ್ಚಿನೊಳಗೆ ತೆರಿಗೆ ಕುಳಿತಿರುತ್ತದೆ. ಹನಿ ನೀರಾವರಿ ಸಲಕರಣೆಯ ದರ 2018ರ ಜನವರಿಯಲ್ಲಿ ಶೇ 18ರಿಂದ 12ಕ್ಕೆ ಇಳಿದದ್ದು ಈ ಕಾರಣಕ್ಕೇ ಇಲ್ಲಿ ಸಣ್ಣ ಸುದ್ದಿಯಲ್ಲ.

ಇನ್ನೂ ದೊಡ್ಡ ಬದಲಾವಣೆ ಕಣ್ಣಿಗೆ ಬೀಳುವಂಥದ್ದಲ್ಲ. ರಾಜ್ಯದ ಪಾಲಿನ ತೆರಿಗೆ ಈಗ ಸರಕು ತಯಾರಾದ ರಾಜ್ಯಕ್ಕಲ್ಲ, ಬಳಕೆಯಾದ ರಾಜ್ಯಕ್ಕೆ ಸೇರುತ್ತದೆ. ಕೋಲಾರ ಜಿಲ್ಲೆಯ ನರಸಾಪುರದ ಹೋಂಡಾ ಕಾರ್ಖಾನೆಯ ಬೈಕು ಚಿತ್ತೂರಿನಲ್ಲಿ ಮಾರಾಟವಾದರೆ ರಾಜ್ಯದ ಪಾಲು ಆಂಧ್ರಕ್ಕೆ. ಮೊದಲು ಸಿಗುತ್ತಿದ್ದ ಕೇಂದ್ರ ಮಾರಾಟ ತೆರಿಗೆಯೂ ಕರ್ನಾಟಕದ ಕೈಬಿಟ್ಟಿತು. ರಾಜ್ಯಗಳ ಇಂಥ ವರಮಾನ ನಷ್ಟಕ್ಕಾಗಿ ವರ್ಷಕ್ಕೆ ಶೇ 14ರ ಬೆಳವಣಿಗೆ ಲೆಕ್ಕದಲ್ಲಿ ಐದು ವರ್ಷ ಪರಿಹಾರ ನಿಗದಿಯಾಗಿತ್ತು. 2022ರ ಜೂನ್‌ಗೆ ಅದು ಮುಗಿಯಿತು. ಇನ್ನು, ದರಗಳನ್ನು ಶಿಫಾರಸು ಮಾಡುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತ ಮೂರನೇ ಒಂದು ಭಾಗ, ತೀರ್ಮಾನಕ್ಕೆ ಬೇಕಾದದ್ದು ನಾಲ್ಕನೇ ಮೂರು ಭಾಗ. ಅಂದರೆ ಕೇಂದ್ರ ಒಪ್ಪದೆ ಏನೂ ಆಗದು. ಏಕರೂಪತೆಗೆ ರಾಜ್ಯಗಳು ತೆತ್ತ ಬೆಲೆ ಇದು, ಅಗ್ಗದ್ದಲ್ಲ.

2025ರ ಸೆಪ್ಟೆಂಬರ್ 22ರಿಂದ ಮುಖ್ಯ ದರಗಳು ಶೇ 5 ಮತ್ತು ಶೇ 18 ಎರಡೇ ಆಗಿವೆ. ಕೆಲವು ಸರಕಿಗೆ ಶೇ 40. ಆದರೆ ಪೆಟ್ರೋಲ್, ಡೀಸೆಲ್, ಮದ್ಯದಂಥವು ಜಿಎಸ್‌ಟಿಯ ಹೊರಗೇ ಉಳಿದಿವೆ. ಹಾಗಾಗಿ ನಂಗಲಿ ದಾಟುವ ಲಾರಿಯ ಡೀಸೆಲ್ ಮೇಲೆ ಇಂದಿಗೂ ಎರಡು ರಾಜ್ಯಗಳಲ್ಲಿ ಎರಡು ಬಗೆಯ ತೆರಿಗೆ ಇದೆ.