ಕಡಲಕಳೆಯ ರಸ, ಬಯಲಿನ ತೆನೆ: ಜಾಲಹಳ್ಳಿ–ಹೆಬ್ಬಾಳ ಪರಿಸರದ ಕೃಷಿವಿಜ್ಞಾನ ಚರಿತ್ರೆಯ ಒಂದು ಅಧ್ಯಾಯ

ಜಾಲಹಳ್ಳಿಯ ಹೆಸರು ಇಂದು ಎಚ್.ಎಂ.ಟಿ. (1953) ಮತ್ತು ಬಿ.ಇ.ಎಲ್. (1954) ಕಾರ್ಖಾನೆಗಳೊಡನೆ ಬೆಸೆದುಕೊಂಡಿದೆ. ಯಂತ್ರಗಳು ಬರುವ ಮುನ್ನ ಇದು ಮಳೆಯನ್ನೇ ನಂಬಿದ ರಾಗಿಯ ಸೀಮೆ. ರಾಗಿಯ ನಡುವೆ ಅವರೆ, ಜೋಳಗಳ ಅಕ್ಕಡಿ ಸಾಲು ಇಲ್ಲಿನ ಬೇಸಾಯದ ಕ್ರಮ. ಈ ಊರಿನ ಪೂರ್ವಕ್ಕೆ ಹೆಬ್ಬಾಳ, ಈಶಾನ್ಯಕ್ಕೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ವಾಯವ್ಯಕ್ಕೆ ತೋಟಗಾರಿಕಾ ಸಂಶೋಧನೆಯ ಹೆಸರಘಟ್ಟ. ಹೊಲಗಳು ಬಡಾವಣೆಗಳಾದರೂ ಹೊಲದ ವಿಜ್ಞಾನವು ಈ ಸುತ್ತಿನಲ್ಲಿಯೇ ಉಳಿದು ಬೆಳೆಯಿತೆಂಬುದು ಗಮನಾರ್ಹ. ಯಾವ ದಿಕ್ಕಿಗೆ ಸಾಗಿದರೂ ಸಮುದ್ರವು 250 ಕಿ.ಮೀ.ಗೂ ಹೆಚ್ಚು ದೂರವಿರುವ ಈ ಪ್ರಸ್ಥಭೂಮಿಗೆ, ಹೂವನ್ನೂ ಕಾಳನ್ನೂ ಹೆಚ್ಚಿಸುವ ಸಾಧನವಾಗಿ ಕಡಲಕಳೆಯ ರಸ ಬಂದದ್ದು ಹೇಗೆ, ಅದರ ಯೋಗ್ಯತೆಯನ್ನು ಯಾವ ಅಳತೆಗೋಲಿನಿಂದ ನಿರ್ಣಯಿಸಬೇಕು ಎಂಬುದು ಪ್ರಸ್ತುತ ವಿಷಯ.

ಅಳತೆಗೋಲು ಇಲ್ಲಿಗೆ ಹೊಸದಲ್ಲ. 1899ರಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ನೀಡಿದ 30 ಎಕರೆಯಲ್ಲಿ ಹೆಬ್ಬಾಳದ ಪ್ರಯೋಗಕ್ಷೇತ್ರ ಆರಂಭವಾಯಿತು. ಮೈಸೂರು ಸಂಸ್ಥಾನದ ಕೃಷಿ ರಸಾಯನಜ್ಞರಾಗಿದ್ದ ಅಡಾಲ್ಫ್ ಲೆಹ್ಮನ್ ಅವರ ಕೆಲಸವು ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಊಹೆಯಿಂದಲ್ಲದೆ ಪ್ರಯೋಗದಿಂದ ಅರಿಯುವುದಾಗಿತ್ತು. 1913ರಲ್ಲಿ ಕೃಷಿಶಾಲೆ, 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಎಂಬ ಕ್ರಮದಲ್ಲಿ ಆ ಪರಂಪರೆ ಬೆಳೆಯಿತು. ರಾಗಿಯ ಇಳುವರಿಯಲ್ಲಿ ಕಂಡ ದೊಡ್ಡ ಏರಿಕೆಗೆ ಬಹುಪಾಲು ಕಾರಣ ತಳಿಯೇ. ಭಾರತೀಯ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಸಿ.ಎಚ್. ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳು ಇದಕ್ಕೆ ಸಾಕ್ಷಿ. ಸಿಂಪರಣೆಯ ದ್ರವಗಳ ಹೆಗ್ಗಳಿಕೆಯನ್ನು ಓದುವಾಗ ಈ ಸಂಗತಿಯನ್ನು ಮರೆಯಲಾಗದು.

ತಳಿ ಉತ್ತಮವಾದ ಮೇಲೂ ಒಂದು ದುರ್ಬಲ ಗಳಿಗೆ ಉಳಿಯುತ್ತದೆ. ರಾಗಿಯ ತೆನೆಯಲ್ಲಿ ಹೂವರಳುವಿಕೆ ತುದಿಯಿಂದ ಕೆಳಕ್ಕೆ ಹಲವು ದಿನಗಳ ಕಾಲ ಸಾಗುತ್ತದೆ. ಅನಂತರ ಎಲೆಯಲ್ಲಿ ತಯಾರಾದ ಸಕ್ಕರೆಯೂ ಕಾಂಡದಲ್ಲಿ ಕೂಡಿಟ್ಟ ಸತ್ವವೂ ಕಾಳಿಗೆ ಹರಿದು ಪಿಷ್ಟವಾಗಬೇಕು. ಈ ಅವಧಿಯಲ್ಲಿ ಮಳೆ ಕೈಕೊಟ್ಟರೆ, ಅಥವಾ ಎಲೆ ಬೇಗ ಹಣ್ಣಾದರೆ, ತೆನೆ ಮೂಡಿಯೂ ಕಾಳು ಜೊಳ್ಳಾಗುತ್ತದೆ. ಹೂ ಉದುರದಂತೆ, ಎಲೆ ಇನ್ನಷ್ಟು ದಿನ ಹಸುರಾಗಿರುವಂತೆ ಮಾಡಬಲ್ಲ ವಸ್ತುವಿಗೆ ರೈತನು ಹಣ ತೆರಲು ಸಿದ್ಧನಾಗುವುದು ಈ ಭಯದಿಂದಲೇ.

ಯುರೋಪಿನ ಅಟ್ಲಾಂಟಿಕ್ ತೀರದ ಬೇಸಾಯಗಾರರು ಅಲೆಗಳು ತಂದೆಸೆದ ಕಳೆಯನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಕನ್ನಡ ಕರಾವಳಿಯಲ್ಲಿ ಕಡಲಿನ ಗೊಬ್ಬರವೆಂದರೆ ಮುಖ್ಯವಾಗಿ ಬೂತಾಯಿ ಮೀನಿನದು. ಹಸಿ ಕಳೆ ಬಲು ಭಾರ. ತೀರದಿಂದ ದೂರ ಹೋಗುವ ವಸ್ತುವಲ್ಲ. 1950ರ ಆಸುಪಾಸಿನಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಮಿಲ್ಟನ್ ಅದನ್ನು ದ್ರವವಾಗಿಸುವ ವಿಧಾನ ರೂಪಿಸಿದ ಮೇಲೆ ಗಾಡಿಯ ಗೊಬ್ಬರವು ಸೀಸೆಯ ಸರಕಾಯಿತು. ಒಳನಾಡಿಗೆ ಅದರ ದಾರಿ ತೆರೆಯಿತು. ಭಾರತದಲ್ಲಿ ಈ ಕಾರ್ಯವನ್ನು ಮುಂದುವರಿಸಿದ್ದು ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ತಮಿಳುನಾಡಿನ ಮಂಡಪಂ ತೀರದಲ್ಲಿ ಬೆಳೆಸಿದ ಕಪ್ಪಾಫೈಕಸ್ ಎಂಬ ಕೆಂಪು ಕಳೆಯನ್ನು ಹಸಿಯಾಗಿಯೇ ಅರೆದು ಹಿಂಡಿ, ರಸವನ್ನು ಸಿಂಪರಣೆಗೂ ಉಳಿದ ಚರಟವನ್ನು ಕ್ಯಾರಗೀನನ್ ತಯಾರಿಕೆಗೂ ಬಳಸುವ ಅದರ ವಿಧಾನಕ್ಕೆ 2005ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ಪ್ರಯೋಗಗಳ ಫಲಿತಾಂಶ ಆಕರ್ಷಕವಾಗಿತ್ತು. 2009ರಲ್ಲಿ ಪ್ರಕಟವಾದ ಮಳೆಯಾಶ್ರಿತ ಸೋಯಾ ಅವರೆಯ ಅಧ್ಯಯನದಲ್ಲಿ ಶೇ. 15ರ ಪ್ರಮಾಣದ ರಸ ಸಿಂಪಡಿಸಿದ ತಾಕಿನ ಕಾಳಿನ ಇಳುವರಿ, ಸಿಂಪಡಿಸದ ತಾಕಿಗಿಂತ ಶೇ. 57ರಷ್ಟು ಹೆಚ್ಚಿತ್ತು. ಆದರೆ ಅಂಗಡಿಯಲ್ಲಿ ಮಾರುವ ದ್ರವವನ್ನು ಸಾಮಾನ್ಯವಾಗಿ ಒಂದು ಲೀಟರ್ ನೀರಿಗೆ ಕೆಲವೇ ಮಿಲಿಲೀಟರಿನಂತೆ ಬೆರೆಸಲಾಗುತ್ತದೆ. ಪ್ರಯೋಗದ ಅಂಕಿಯನ್ನು ಅಂಗಡಿಯ ಸೀಸೆಗೆ ಅಂಟಿಸುವುದು ನ್ಯಾಯವಲ್ಲ. ಅಷ್ಟು ತೆಳುವಾದ ದ್ರವದ ಪರಿಣಾಮಕ್ಕೆ ಅದರಲ್ಲಿರುವ ಪೊಟ್ಯಾಷ್ ಒಂದೇ ಕಾರಣವಾಗಲಾರದು. 2010ರ ವಿಶ್ಲೇಷಣೆಯೊಂದು ಈ ರಸದಲ್ಲಿ ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್ ಬಗೆಯ ಚೋದಕಗಳನ್ನು ಗುರುತಿಸಿತು. ಎಲೆಯ ಮುಪ್ಪನ್ನು ಮುಂದೂಡುವ ಗುಣ ಸೈಟೊಕೈನಿನ್‌ಗೆ ಇರುವುದರಿಂದ ಕಾಳು ಕಟ್ಟುವಿಕೆಗೂ ರಸಕ್ಕೂ ಇರುವ ನಂಟನ್ನು ಇಲ್ಲಿ ಹುಡುಕುವುದು ಸಹಜ. 2015ರಲ್ಲಿ ಪ್ರಕಟವಾದ ಮುಸುಕಿನ ಜೋಳದ ಪ್ರಯೋಗ ಇನ್ನೂ ಸೂಕ್ಷ್ಮವಾದುದು: ರಸದಿಂದ ಜಿಬ್ಬರೆಲಿನ್ ಅನ್ನು ತೆಗೆದಾಗ ಕಾಳಿನ ಲಾಭ ಕುಂದದೆ ಮೇವಿನ ಪ್ರಮಾಣ ಹೆಚ್ಚಿತು. ಅಂದರೆ ರಸವು ಒಂದೇ ಗುಣದ ಪದಾರ್ಥವಲ್ಲ. ಅದರ ಘಟಕಗಳು ಒಂದಕ್ಕೊಂದು ಎದುರಾಗಿಯೂ ನಡೆಯಬಲ್ಲವು.

ಈ ಕಥನಕ್ಕೆ ಉತ್ತರ ಬೆಂಗಳೂರು ನೇರವಾಗಿ ಸೇರಿದ್ದು ಸೀ6 ಎನರ್ಜಿ ಎಂಬ ಉದ್ಯಮದಿಂದ. 2010ರಲ್ಲಿ ಆರಂಭವಾದ ಈ ಸಂಸ್ಥೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ನೆರೆಯ ಸಿ-ಕ್ಯಾಂಪ್ ಆವರಣದಲ್ಲಿ ನೆಲೆ ಪಡೆಯಿತು. ಕಳೆಯ ಕೃಷಿ ಸಮುದ್ರದಲ್ಲಿ, ಅದರ ಸಾರದ ಸಂಶೋಧನೆ ಈ ಪ್ರಸ್ಥಭೂಮಿಯಲ್ಲಿ. ಅದರ ವಿಜ್ಞಾನಿಗಳು 2023ರಲ್ಲಿ ಸೌತೆ ಸಸಿಯ ಬೀಜದಳಗಳು ಹಿಗ್ಗುವ ಬಗೆಯನ್ನು ಆಧರಿಸಿ ಸಾರದ ಕಾರ್ಯವಿಧಾನವನ್ನು ವಿವರಿಸಿದರು. ತಯಾರಕರೇ ನಡೆಸಿದ ಅಧ್ಯಯನವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ಬೀಜದಳದಿಂದ ತುಂಬಿದ ಕಾಳಿನವರೆಗೆ ದೂರ ಬಹಳ. ಕಳೆಯ ಕೃಷಿಗೂ ತನ್ನದೇ ಬೆಲೆಯಿದೆ: ಹೊರಗಿನಿಂದ ತಂದ ಕಪ್ಪಾಫೈಕಸ್ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಹವಳಗಳ ಮೇಲೆ ಹರಡಿದ್ದು 2008ರಲ್ಲಿ ವರದಿಯಾಯಿತು.

ಬಹುಕಾಲ ಈ ದ್ರವಗಳು ಗೊಬ್ಬರದ ಕಾನೂನಿಗೂ ಕೀಟನಾಶಕದ ಕಾನೂನಿಗೂ ಸಿಗದೆ ಮಾರಾಟವಾದವು. 2021ರ ಫೆಬ್ರವರಿ 23ರ ತಿದ್ದುಪಡಿಯಿಂದ ಕೇಂದ್ರ ಸರ್ಕಾರ ಅವುಗಳನ್ನು ‘ಜೈವಿಕ ಉತ್ತೇಜಕ’ಗಳೆಂದು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದು, ಕಡಲಕಳೆಯ ಸಾರವನ್ನು ಸಸ್ಯಸಾರಗಳ ವರ್ಗದಲ್ಲಿರಿಸಿತು. 1968ರ ಕೀಟನಾಶಕ ಕಾಯಿದೆಗೆ ಒಳಪಟ್ಟ ಸಸ್ಯಬೆಳವಣಿಗೆ ನಿಯಂತ್ರಕಗಳು ಈ ವ್ಯಾಖ್ಯೆಯಿಂದ ಹೊರಗೆ. ಕಳೆಯ ರಸದ ಶಕ್ತಿ ಅಂಥ ಚೋದಕಗಳಲ್ಲಿಯೇ ಇರಬಹುದಾದ್ದರಿಂದ ಕಾನೂನಿನ ಈ ಗೆರೆ ನಿಸರ್ಗದ ಗೆರೆಗೆ ಸರಿಹೊಂದುವುದಿಲ್ಲ. ಆದರೂ ಕೃಷಿ ವಿಶ್ವವಿದ್ಯಾನಿಲಯಗಳೂ ಸೇರಿದ ರಾಷ್ಟ್ರೀಯ ಸಂಶೋಧನಾ ವ್ಯವಸ್ಥೆಯಲ್ಲಿ ಪರಿಣಾಮದ ಕ್ಷೇತ್ರಪ್ರಯೋಗ ನಡೆಯಬೇಕೆಂಬ ನಿಬಂಧನೆಯಿಂದ, ಸಿಂಪಡಿಸಿದ ತಾಕನ್ನೂ ಸಿಂಪಡಿಸದ ತಾಕನ್ನೂ ಅಕ್ಕಪಕ್ಕದಲ್ಲಿ ತೂಗುವ ಕ್ರಮ ಕಡ್ಡಾಯವಾಯಿತು. ಹಲವು ಬಾರಿ ವಿಸ್ತರಿಸಲಾದ ತಾತ್ಕಾಲಿಕ ನೋಂದಣಿಯ ಅವಧಿ 2025ರ ಜೂನ್ 16ಕ್ಕೆ ಮುಗಿದು, ಪ್ರಯೋಗದ ದತ್ತಾಂಶ ಒಪ್ಪಿಸಿ ಅಧಿಸೂಚನೆಯ ಪಟ್ಟಿಗೆ ಸೇರಿದ ದ್ರವಗಳಿಗಷ್ಟೇ ಮಾರಾಟದ ಹಕ್ಕು ಉಳಿಯಿತು.