ಕಳಂಕವನ್ನು ಎದುರಿಸುವ ಹೊಣೆ ಯಾರದು?

ಗಂಭೀರ ಮಾನಸಿಕ ಕಾಯಿಲೆಗೆ ಅಂಟಿದ ಕಳಂಕದ ಅಧ್ಯಯನಕ್ಕೆ ಅರವತ್ತು ವರ್ಷ ದಾಟಿದೆ. ಅದರ ಬಹುಪಾಲಿನಲ್ಲಿ ಕಾಯಿಲೆಯವರು ಪೆಟ್ಟು ತಿನ್ನುವವರಾಗಿ ಕಾಣುತ್ತಾರೆಯೇ ಹೊರತು ತಿರುಗಿ ನಿಂತವರಾಗಿ ಅಲ್ಲ. 1963ರಲ್ಲಿ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಕಳಂಕದ ಕುರಿತು ಬರೆದ ಪುಸ್ತಕದಲ್ಲಿ ಯಾರಿಗೆ ಹೇಳಬೇಕು, ಯಾರಿಂದ ಮುಚ್ಚಿಡಬೇಕು ಎಂಬ ಲೆಕ್ಕಾಚಾರಕ್ಕೇ ದೊಡ್ಡ ಜಾಗ. 1966ರಲ್ಲಿ ಥಾಮಸ್ ಶೆಫ್ ಇನ್ನೂ ಮುಂದೆ ಹೋಗಿ, ‘ಮಾನಸಿಕ ರೋಗಿ’ ಎಂಬ ಹಣೆಪಟ್ಟಿಯೇ ಮನುಷ್ಯನನ್ನು ಕಾಯಿಲೆಯ ಪಾತ್ರದಲ್ಲಿ ಕೂಡಿಹಾಕುತ್ತದೆ ಎಂದರು. ವಾಲ್ಟರ್ ಗೋವ್ ಒಪ್ಪಲಿಲ್ಲ. ಜನ ದೂರ ಸರಿಯುವುದು ವರ್ತನೆಯನ್ನು ಕಂಡು, ಹಣೆಪಟ್ಟಿಯನ್ನಲ್ಲ. ಕಳಂಕದ ಪರಿಣಾಮವೂ ಬಹುಕಾಲ ಉಳಿಯದು ಎಂಬುದು ಅವರ ವಾದ. ಮೊದಲ ಮಾತಿನಲ್ಲಿ ಹುರುಳಿದೆ: ಇಲ್ಲದ ದನಿಗಳು ಕೇಳುವ ಸಂಕಟ ಬರೀ ಹೆಸರಿಟ್ಟದ್ದರಿಂದ ಹುಟ್ಟುವುದಲ್ಲ. ಆದರೆ ಎರಡನೆಯ ಮಾತು ನಿಲ್ಲಲಿಲ್ಲ. ‘ಇಂಥವರಿಗೆ ಯಾರು ಕೆಲಸ ಕೊಡುತ್ತಾರೆ, ಯಾರು ಹೆಣ್ಣು ಕೊಡುತ್ತಾರೆ’ ಎಂಬ ಮಾತುಗಳನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಲೇ ಬೆಳೆಯುತ್ತೇವೆ, ಕಾಯಿಲೆ ತನಗೇ ಬಂದಾಗ ಅವು ತನ್ನ ಮೇಲೆಯೇ ತಿರುಗುತ್ತವೆ ಎಂದು ಬ್ರೂಸ್ ಲಿಂಕ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ವಾದಿಸಿದರು. ಲಕ್ಷಣ ತಗ್ಗಿದ ಮೇಲೂ ಆ ಗಾಯ ಮಾಯುವುದಿಲ್ಲವೆಂದು ಮುಂದೆ ತೋರಿಸಿದರು. 1991ರಲ್ಲಿ ಅವರು ಗುಟ್ಟು ಕಾಯುವುದು, ದೂರ ಉಳಿಯುವುದು, ಎದುರಿನವರಿಗೆ ತಿಳಿಹೇಳುವುದು, ಈ ಮೂರನ್ನೂ ಪರೀಕ್ಷಿಸಿದರೆ ಒಂದೂ ಕೈಹಿಡಿಯಲಿಲ್ಲ.

ಹಾಗಾದರೆ ಒಬ್ಬರು ಏನು ಮಾಡಿದರೂ ಪ್ರಯೋಜನವಿಲ್ಲವೇ? 2003ರಲ್ಲಿ ಜೆನಿಫರ್ ರಿಟ್ಷರ್ ತಂಡ ರೂಪಿಸಿದ 29 ಹೇಳಿಕೆಗಳ ಅಳತೆಗೋಲು ಬೇರೆ ಸುಳಿವು ಕೊಟ್ಟಿತು. ಹೆಚ್ಚಿನ ಹೇಳಿಕೆಗಳು ನಾಚಿಕೆ, ಒಂಟಿತನದಂಥವುಗಳ ಕುರಿತಾದವು. ಐದು ಮಾತ್ರ, ಕಾಯಿಲೆಯಿದ್ದೂ ತುಂಬು ಬದುಕು ಸಾಧ್ಯ ಎಂಬ ಬಗೆಯವು. ಈ ಐದರ ಉತ್ತರಗಳು ಉಳಿದವುಗಳ ಜೊತೆ ಅಷ್ಟಾಗಿ ಹೊಂದಲಿಲ್ಲ. ನಾಚಿಕೆ ಕಡಿಮೆಯಿರುವುದೇ ಪ್ರತಿರೋಧವಲ್ಲ, ಅದು ಬೇರೆಯೇ ಶಕ್ತಿ ಎಂದು ನಾನು ಇದನ್ನು ಓದುತ್ತೇನೆ. 2011ರಲ್ಲಿ ಪೆಗ್ಗಿ ಥಾಯ್ಟ್ಸ್ ಪ್ರತಿರೋಧದಲ್ಲಿ ಎರಡು ಬಗೆ ಕಂಡರು: ‘ಅದು ನಾನಲ್ಲ’ ಎಂದು ಏಟು ತಪ್ಪಿಸಿಕೊಳ್ಳುವುದು, ಮತ್ತು ನೇರ ಎದುರು ನಿಲ್ಲುವುದು. ಮೊದಲನೆಯದನ್ನು ಅಂಜುಬುರುಕತನ ಎನ್ನುವಂತಿಲ್ಲ. 1996ರಲ್ಲಿ ಪ್ರಕಟವಾದ ಬೆಂಗಳೂರಿನ ನಿಮ್ಹಾನ್ಸ್‌ನ ಅಧ್ಯಯನವೊಂದರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚಿದಂತೆ ಕಳಂಕದ ಅನುಭವ ಹೆಚ್ಚಿತ್ತು. ಮೈಕೈ ನೋವಿನಂಥ ಲಕ್ಷಣಗಳ ವಿಷಯದಲ್ಲಿ ಅದು ತಿರುಗುಮುರುಗು. ನೋವು ಎಲ್ಲರಿಗೂ ಬರುವಂಥದ್ದು, ನಾಲ್ಕು ಜನರ ಮುಂದೆ ಹೇಳಬಹುದಾದದ್ದು. ಹೇಳಬಹುದಾದ ಮಾತನ್ನು ಆರಿಸಿಕೊಳ್ಳುವುದರಲ್ಲೂ ಪ್ರತಿರೋಧವಿದೆ.

ಕಾಯಿಲೆಯವರ ಮೇಲೆಯೇ ಇನ್ನೊಂದು ಹೊರೆ ಹೊರಿಸಿದಂತಾಯಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ನನ್ನ ವಾದ: ಪ್ರತಿರೋಧ ಒಬ್ಬರ ಎದೆಗಾರಿಕೆಯಲ್ಲ, ಸುತ್ತಲಿನ ಆಸರೆಯಿಂದ ನಿಲ್ಲುವಂಥದ್ದು. ಆ ಆಸರೆ ಹುಟ್ಟಲು, ಮಾನಸಿಕ ಕಾಯಿಲೆಯೂ ಮೆದುಳಿನ ಕಾಯಿಲೆಯೇ ಎಂದು ಜನರಿಗೆ ತಿಳಿಸಿದರೆ ಸಾಕು ಎಂಬ ನಂಬಿಕೆಯೂ ಗಟ್ಟಿಯಲ್ಲ. ಅಮೆರಿಕದಲ್ಲಿ 1996 ಮತ್ತು 2006ರ ಸಮೀಕ್ಷೆಗಳ ನಡುವೆ ಆ ತಿಳಿವಳಿಕೆ ಬೆಳೆಯಿತು, ದೂರವಿಡುವ ಬಯಕೆ ತಗ್ಗಲಿಲ್ಲ. 2012ರಲ್ಲಿ ಪ್ಯಾಟ್ರಿಕ್ ಕೊರಿಗನ್ ತಂಡ 72 ಅಧ್ಯಯನಗಳನ್ನು ಒಟ್ಟುಹಾಕಿದಾಗ, ವಯಸ್ಕರ ಮನಸ್ಸು ಬದಲಿಸುವಲ್ಲಿ ಪಾಠಕ್ಕಿಂತ ಕಾಯಿಲೆಯವರೊಂದಿಗಿನ ಮುಖಾಮುಖಿ ಒಡನಾಟವೇ ಮೇಲಾಯಿತು. ಆದರೆ ಮುಖ ತೋರಿಸಿದವರ ಕೆಲಸ ಉಳಿಯಬೇಕಲ್ಲ! ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆ ಮತ್ತು ವಿಮೆಯಲ್ಲಿ ದೈಹಿಕ ಕಾಯಿಲೆಯವರಿಗೆ ಸಮನಾದ ಹಕ್ಕು ಕೊಟ್ಟಿದೆ; ಉದ್ಯೋಗದಲ್ಲಿ ತಾರತಮ್ಯ ತಡೆಯಲು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಮೊರೆ ಹೋಗಬೇಕು. 2009ರಲ್ಲಿ ಪ್ರಕಟವಾದ 27 ದೇಶಗಳ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಶೇ. 64 ಮಂದಿ, ತಾರತಮ್ಯವಾದೀತೆಂಬ ಅಂಜಿಕೆಯಿಂದಲೇ ಕೆಲಸಕ್ಕೋ ಓದಿಗೋ ಅರ್ಜಿ ಹಾಕುವುದನ್ನು ಬಿಟ್ಟಿದ್ದರು. ಕಾಯಿದೆಗಳು ಫಲ ಕೊಟ್ಟಿವೆಯೇ ಎಂದು ಅಳೆಯುವವರು ಮೊದಲು ಎಣಿಸಬೇಕಾದದ್ದು ಆ ಅರ್ಜಿಗಳನ್ನು.