ಅಜ್ಜಿಯ ಹವಳ, ನನ್ನ ಹವಳ

ಹರಿಹರದಿಂದ ಅಜ್ಜಿ ಮೊದಲ ಸಲ ದಾವಣಗೆರೆಯ ನಮ್ಮ ಬಾಡಿಗೆ ಮನೆಗೆ ಬಂದಾಗ ನೇರ ಹೋಗಿ ನಿಂತಿದ್ದು ಹಾಲ್‌ನಲ್ಲಿದ್ದ 60 ಲೀಟರಿನ ಗಾಜಿನ ತೊಟ್ಟಿ ಮುಂದೆ. ನೀಲಿ ಲೈಟು, ನಾಲ್ಕು ಕಲ್ಲು, ಕಲ್ಲಿನ ಮೇಲೆ ಮೆಲ್ಲಗೆ ಅಲುಗಾಡೋ ಒಂದಿಷ್ಟು ಮೆತ್ತನೆಯ ವಸ್ತು.

"ಮೀನೆಲ್ಲೋ ತಮ್ಮಾ?"

"ಮೀನಿಲ್ಲ ಅಜ್ಜಿ. ಇವೆಲ್ಲ ಹವಳ."

ಅಜ್ಜಿ ಕೊರಳಿನ ಗುಂಡು-ಹವಳದ ಸರ ಮುಂದಕ್ಕೆಳೆದು ತೋರಿಸಿದರು. "ಹವಳ ಅಂದ್ರೆ ಇದು. ಕಲ್ಲು. ನಿಂದು ಅದ್ಯಾವುದೋ ಅಣಬೆ ಇದ್ದಂಗೈತಿ."

ನಾನು ನಕ್ಕುಬಿಟ್ಟೆ. ಆಮೇಲೆ ಹವಳದ ಇತಿಹಾಸ ಓದ್ತಾ ಹೋದಾಗ ಗೊತ್ತಾಯ್ತು, ಹವಳ ಕಲ್ಲೋ, ಗಿಡವೋ, ಪ್ರಾಣಿಯೋ ಅನ್ನೋ ಇದೇ ಜಗಳ ಯುರೋಪಿನ ದೊಡ್ಡ ದೊಡ್ಡ ವಿದ್ವಾಂಸರ ನಡುವೆಯೂ ನಡೆದಿತ್ತು ಅಂತ.

ಹಳಗನ್ನಡದಲ್ಲಿ ಇದು 'ಪವಳ'. 'ಪಾಲು' ಹೋಗಿ 'ಹಾಲು' ಆದ ಹಾಗೆ ಪವಳ ಹವಳವಾಯಿತು. ಪದ ಅಷ್ಟು ಹಳೆಯದಾದರೂ ಸರಕು ಮಾತ್ರ ದೂರದ್ದು. ಒಡವೆಗೆ ಬಳಸುವ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಕ್ರಿಸ್ತಶಕ ಮೊದಲ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ವ್ಯಾಪಾರಿ ಕೈಪಿಡಿಯಲ್ಲಿ ಭಾರತದ ಬಂದರುಗಳಿಗೆ ಬರುವ ಮಾಲಿನ ಪಟ್ಟಿ ಇದೆ. ಅದರಲ್ಲಿ ಹವಳವೂ ಇದೆ. ನಮ್ಮ ಹೆಂಗಸರಿಗೆ ಭಾರತದ ಮುತ್ತು ಎಷ್ಟು ಇಷ್ಟವೋ, ಭಾರತದವರಿಗೆ ಹವಳ ಅಷ್ಟೇ ಇಷ್ಟ ಅನ್ನೋ ಅರ್ಥದ ಮಾತನ್ನು ರೋಮಿನ ಪ್ಲಿನಿ ಅದೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಮುಂದೆ 17, 18ನೇ ಶತಮಾನದಲ್ಲಿ ಇಟಲಿಯ ಲಿವೋರ್ನೊ ಊರಿನ ಯಹೂದಿ ವರ್ತಕರು ಗೋವಾದ ಸಾರಸ್ವತ ವ್ಯಾಪಾರಿಗಳಿಗೆ ಹವಳ ಕಳಿಸಿ, ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಎಲ್ಲಾ ಪತ್ರದ ಮೇಲಿನ ನಂಬಿಕೆ. ಅಂದರೆ ಎರಡು ಸಾವಿರ ವರ್ಷ ನಾವು ಹವಳವನ್ನು ತೂಗಿದ್ದೇವೆ, ಪೋಣಿಸಿದ್ದೇವೆ, ಮದುವೆಯಲ್ಲಿ ಕೊಟ್ಟಿದ್ದೇವೆ. ನಮ್ಮ ಕೈಗೆ ಬರುವಷ್ಟರಲ್ಲಿ ಅದು ಸತ್ತು ಎಷ್ಟೋ ಕಾಲವಾಗಿರುತ್ತಿತ್ತು. ಹಾಗಾಗಿ ಅಜ್ಜಿ ಅದನ್ನು ಕಲ್ಲು ಅಂದದ್ದರಲ್ಲಿ ತಪ್ಪೇನಿಲ್ಲ.

ಅದರ ಜೀವ ಮೊದಲು ಕಾಣಿಸಿದ್ದು ಒಂದು ಗಾಜಿನ ಜಾಡಿಯಲ್ಲಿ. 1706ರಲ್ಲಿ ಇಟಲಿಯ ಮಾರ್ಸಿಲಿ ಎಂಬಾತ ಆಗತಾನೇ ಕಿತ್ತ ಹವಳದ ಕೊಂಬೆಯನ್ನು ಸಮುದ್ರದ ನೀರು ತುಂಬಿದ ಜಾಡಿಯಲ್ಲಿಟ್ಟ. ಸ್ವಲ್ಪ ಹೊತ್ತಿಗೆ ಕೊಂಬೆ ತುಂಬ ಎಂಟೆಂಟು ಎಸಳಿನ ಬಿಳಿ ಹೂಗಳು! ಹೂ ಬಿಟ್ಟಮೇಲೆ ಇನ್ನೇನು, ಇದು ಗಿಡ ಅಂತ ತೀರ್ಮಾನವಾಯ್ತು. ಕೆಲವು ವರ್ಷಗಳ ನಂತರ ಮಾರ್ಸೇಲ್ಸ್‌ನ ವೈದ್ಯ ಪೇಸೋನೆಲ್ ಅದೇ ಹೂಗಳನ್ನು ಗಮನಿಸಿ ನೋಡಿದ. ಮುಟ್ಟಿದರೆ ಮುದುಡುತ್ತವೆ, ಬಿಟ್ಟರೆ ಅರಳುತ್ತವೆ. ಇವು ಹೂವಲ್ಲ, ಪ್ರಾಣಿಗಳು ಅಂದ. ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಈ ವಿಷಯ ಮಂಡಿಸಿದ ರೇಮ್ಯೂರ್, ಜನ ನಕ್ಕಾರು ಅಂತ ಪೇಸೋನೆಲ್ ಹೆಸರನ್ನೇ ಹೇಳಲಿಲ್ಲ. ಅದು 1727. ಅವನ ಮಾತೇ ಸರಿ ಅಂತ ರೇಮ್ಯೂರ್ ಒಪ್ಪಿಕೊಳ್ಳೋ ಹೊತ್ತಿಗೆ 1742 ಆಗಿತ್ತು.

ಮಾರ್ಸಿಲಿ ಎಣಿಸಿದ ಆ ಎಂಟು ಎಸಳು ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತೆ. ಹೊಸಬರು ಹವಳ ಗುರುತಿಸೋಕೆ ಮೊದಲು ಮಾಡಬೇಕಾದ್ದು ಅದನ್ನೇ. ಪ್ರತಿ ಪುಟ್ಟ ಬಾಯಿಯ ಸುತ್ತ ಗರಿಯಂಥ ಎಂಟೇ ಎಸಳಿದ್ದರೆ ಅದು ಒಂದು ಕುಲ: ಚರ್ಮದಂಥ ಮೈಯ ಲೆದರ್ ಹವಳ, ನೇರಳೆ ಚಾಪೆಯ ಮೇಲೆ ಹಸಿರು ಹುಲ್ಲು ಎದ್ದಂತಿರೋ ಸ್ಟಾರ್ ಪಾಲಿಪ್. ಚಪ್ಪಟೆ ತಟ್ಟೆಯಂತೆ ಕಲ್ಲಿಗೆ ಅಂಟಿದ್ದರೆ ಮಶ್ರೂಮ್. ಅಜ್ಜಿ ಅಣಬೆ ಅಂದಿದ್ದು ಸರಿಯಾಗೇ ಇತ್ತು. ಅಂಗಿ ಗುಂಡಿಯಂಥ ತಲೆ, ಅಂಚಿಗೆ ಸಣ್ಣ ಜಾಲರಿ ಇದ್ದರೆ ಝೋವಾಂತಿಡ್. ಈ ನಾಲ್ಕಕ್ಕೂ ಒಳಗೆ ಗಟ್ಟಿ ಕಲ್ಲಿನ ಗೂಡಿಲ್ಲ, ಅದಕ್ಕೇ ಕಲಿಯುವವರ ಕೈಯಲ್ಲಿ ಬದುಕುತ್ತವೆ. ತಮಾಷೆ ಅಂದರೆ ಅಜ್ಜಿಯ ಕೊರಳಿನ ಕೆಂಪು ಹವಳವೂ ಎಂಟೆಸಳಿನ ಕುಲದ್ದೇ. ದ್ವೀಪ ಕಟ್ಟುವ ಕಲ್ಲುಹವಳಗಳಿಗಿಂತ ನನ್ನ ಲೆದರ್ ಹವಳಕ್ಕೇ ಅದು ಹತ್ತಿರದ ನೆಂಟ.

ಹಾಗಾದರೆ ಕಲ್ಲುಹವಳ ಯಾಕೆ ಸಾಕಬಾರದು? ಒಂದು ರಾತ್ರಿ ಮಾರಾಟಗಾರನೊಬ್ಬ ಮೊಬೈಲಿಗೆ ಫೋಟೋ ಕಳಿಸಿದ್ದ. ಮೆದುಳಿನಂತೆ ಸುರುಳಿ ಸುರುಳಿ, ಫ್ಲೋರೊಸೆಂಟ್ ಹಸಿರು. "ಸರ್, ಲಾಸ್ಟ್ ಪೀಸ್." ದುಡ್ಡು ಹಾಕೋಕೆ ಫೋನ್ ಕೈಗೆತ್ತಿಕೊಂಡಿದ್ದೆ. ಆದರೆ 2001ರಲ್ಲೇ ನಮ್ಮ ಸರ್ಕಾರ ದಿಬ್ಬ ಕಟ್ಟುವ ಎಲ್ಲಾ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆಗಳನ್ನು 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದೆ. ಹುಲಿ ಇರೋ ಪಟ್ಟಿ ಅದು. ದಾವಣಗೆರೆಯ ಹಾಲ್‌ನಲ್ಲಿ ಮೆದುಳು ಹವಳ ಇಡೋದೂ ಹುಲಿಮರಿ ಕಟ್ಟಿಹಾಕೋದೂ ಕಾನೂನಿನ ಕಣ್ಣಿಗೆ ಬೇರೆಬೇರೆ ಅಲ್ಲ. ಫೋನ್ ಕೆಳಗಿಟ್ಟೆ. ಮೆತ್ತನೆಯ ಹವಳ ತಗೊಳ್ಳುವಾಗಲೂ ಈಗ ಎಲ್ಲಿಂದ ಬಂತು ಅಂತ ಕೇಳ್ತೀನಿ. ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ತುಂಡಾದರೆ ಮಾತ್ರ ತರ್ತೀನಿ. ನನ್ನ ತೊಟ್ಟಿಯ ಕಲ್ಲು ಕೂಡ ಸಮುದ್ರದ್ದಲ್ಲ, ಮನುಷ್ಯರು ಮಾಡಿದ್ದು.

ಹವಳ ಯಾರದೋ ದೂರದವರ ವಿಷಯ ಅಂದುಕೊಳ್ಳಬೇಡಿ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಹವಳ ದ್ವೀಪಗಳು 1787ರಲ್ಲಿ ಟಿಪ್ಪುವಿನ ಕೈಗೆ ಬಂದವು, ಟಿಪ್ಪು ನಂತರ ಬ್ರಿಟಿಷರಿಗೆ ಹೋದವು. 1956ರವರೆಗೂ ಅವುಗಳ ಆಡಳಿತ ದಕ್ಷಿಣ ಕನ್ನಡ ಜಿಲ್ಲೆಯದು, ಕಚೇರಿ ಮಂಗಳೂರಿನಲ್ಲಿ.

ಮನೆಯಲ್ಲಿ ಹವಳ ಉಳಿಸೋ ವಿದ್ಯೆಗೆ ಅಷ್ಟೇನೂ ವಯಸ್ಸಾಗಿಲ್ಲ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಒಂದು ಅಮೆರಿಕನ್ ಪತ್ರಿಕೆಯಲ್ಲಿ ತನ್ನ ವಿಧಾನ ಬರೆದ: ಜೀವ ತುಂಬಿದ ಸಮುದ್ರದ ಕಲ್ಲು, ಗಾಳಿಯ ಗುಳ್ಳೆ, ಬಿಸಿಲು, ಅಷ್ಟೇ. ಕಲ್ಲಿನ ಸಂದಿಯ ಬ್ಯಾಕ್ಟೀರಿಯಾಗಳೇ ನೀರಿನ ಕೊಳೆ ತಿಂದು ಹಾಕುತ್ತವೆ ಅನ್ನೋದು ಅದರ ಗುಟ್ಟು. ಈಗಲೂ ತತ್ವ ಅದೇ. ತೊಟ್ಟಿ ತುಂಬಿದ ಮೇಲೆ ಆ ಬ್ಯಾಕ್ಟೀರಿಯಾ ಬೇರೂರೋಕೆ ನಾಲ್ಕರಿಂದ ಆರು ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ ಸೊನ್ನೆ ಬರೋವರೆಗೆ ಒಂದು ಹವಳವನ್ನೂ ತರಬೇಡಿ. ಲೀಟರಿಗೆ 35 ಗ್ರಾಂ ಉಪ್ಪಿನಂಶ, 24ರಿಂದ 27 ಡಿಗ್ರಿ ಶಾಖ, ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲು. ಬೋರ್‌ವೆಲ್ ನೀರು ಬೇಡ, ಆರ್‌ಓ ನೀರಿಗೇ ಉಪ್ಪು ಕಲಸಿ.

ಝೋವಾಂತಿಡ್ ವಿಷಯದಲ್ಲಿ ಒಂದು ಎಚ್ಚರ. ಹವಾಯಿಯ ಜನ ಒಂದು ಕಡಲ ಹೊಂಡದ 'ಸಾವಿನ ಪಾಚಿ'ಯ ಕಥೆ ಹೇಳುತ್ತಿದ್ದರು. 1971ರಲ್ಲಿ ವಿಜ್ಞಾನಿಗಳು ಅದೇ ಜಾಡು ಹಿಡಿದು ಇದರ ಹತ್ತಿರದ ಬಂಧುವಿನಿಂದ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಬೇರ್ಪಡಿಸಿದರು. ಕೈಗವಸು, ಕನ್ನಡಕ ಇಲ್ಲದೆ ಅದನ್ನು ಕತ್ತರಿಸಬೇಡಿ. ಅದು ಬೆಳೆದ ಕಲ್ಲನ್ನು ಯಾವತ್ತೂ ಕುದಿಸಬೇಡಿ.

ಇಷ್ಟೆಲ್ಲಾ ಗೊತ್ತಿದ್ದವನೇ ನಾನು. ಆದರೂ ಏಪ್ರಿಲ್‌ನಲ್ಲಿ ಒಂದು ಮದುವೆಗೆ ಅಂತ ಮೂರು ದಿನ ಹರಿಹರಕ್ಕೆ ಹೋದೆ. ಹದಿನೈದು ಕಿಲೋಮೀಟರ್ ಕೂಡ ಇಲ್ಲ, ಬಂದು ನೋಡಬಹುದಿತ್ತು. ನೋಡಲಿಲ್ಲ. ಇಲ್ಲಿ ಕರೆಂಟ್ ಹೋಗಿತ್ತು, ಫ್ಯಾನ್ ನಿಂತಿತ್ತು. ಬೇಸಿಗೆಗೆ ನೀರು ಆವಿಯಾಗುತ್ತೆ, ಉಪ್ಪು ಆಗಲ್ಲ. ದಿನಾ ಸಿಹಿನೀರು ಸೇರಿಸದಿದ್ದರೆ ಉಪ್ಪು ಏರುತ್ತಲೇ ಹೋಗುತ್ತೆ. ವಾಪಸ್ ಬಂದು ಬಾಗಿಲು ತೆಗೆದಾಗ ಕೊಳೆತ ವಾಸನೆ. ಥರ್ಮಾಮೀಟರ್‌ನಲ್ಲಿ 32. ಲೆದರ್ ಹವಳ ಕರಗಿ ಕಲ್ಲಿನ ಮೇಲೆ ಲೋಳೆಯಾಗಿ ಕೂತಿತ್ತು. 1998ರಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳಗಳು ಬಿಳುಚಿ ಸತ್ತಿದ್ದನ್ನು ಓದಿದ್ದೆ. ಅದೂ ಕೆಲವೇ ಡಿಗ್ರಿಗಳ ಲೆಕ್ಕ. ಈಗ ಆ ಲೆಕ್ಕ ನನ್ನ ಹಾಲ್‌ನಲ್ಲೇ ಇತ್ತು.

ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಕಲ್ಲು ಅಲ್ವಾ, ಹೋಗ್ಲಿ ಬಿಡು ಅಂತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೀವ ಐತಿ ಅಂತ ನೀನೇ ಹೇಳಿದ್ದಲ್ಲೋ ತಮ್ಮಾ. ಗೊತ್ತಿದ್ದೂ ಹಂಗೆ ಬಿಟ್ಟು ಬಂದ್ಯಾ?" ಅಂದರು.

ಮಶ್ರೂಮ್, ಝೋವಾ ಉಳಿದುಕೊಂಡವು. ಈಗ ಬ್ಯಾಟರಿ ಪಂಪ್ ಇದೆ, ಪಕ್ಕದ ಮನೆಯವರ ಹತ್ತಿರ ಒಂದು ಕೀಲಿ ಇದೆ, ತೊಟ್ಟಿಯ ಪಕ್ಕ ಅಳತೆ ಗೆರೆ ಹಾಕಿದ ಸಿಹಿನೀರಿನ ಕ್ಯಾನ್ ಇದೆ. ಅಜ್ಜಿ ಫೋನ್ ಮಾಡಿದಾಗ ಮೊದಲು ನನ್ನ ಆರೋಗ್ಯ ಕೇಳ್ತಾರೆ, ಆಮೇಲೆ ಮರೆಯದೆ, "ಅಣಬೆಗೆ ನೀರು ಹಾಕಿದ್ಯಾ?"